ಒತ್ತಿಗೆ ಕಾಸಿಲ್ಲ

ಮಾರ್ಚ್ 3

ತಮ್ಮಾ,

ಎರಡು ವರ್ಷ ಮಾತು ಬಿಟ್ಟವಳು ಈಗ ಯಾಕೆ ಕಾಗದ ಬರೆದಳು ಎಂದು ಹುಬ್ಬೇರಿಸಬೇಡ. ಸಾಲ ಕೇಳುವುದಕ್ಕಲ್ಲ, ಯಾರೂ ಸತ್ತಿಲ್ಲ, ನನಗೆ ಮದುವೆಯೂ ಗೊತ್ತಾಗಿಲ್ಲ. ಒಂದು ಪ್ರಶ್ನೆ ಇದೆ, ಅಷ್ಟೆ. ಬಣ್ಣ ಮುಟ್ಟಿ ಬದುಕುವವರಲ್ಲಿ ಯಾರಿಗೆ ಎಷ್ಟು ಸಿಗುತ್ತದೆ ಎಂದು ಊರೆಲ್ಲ ವಿಚಾರಿಸುತ್ತಿದ್ದೇನೆ. ನೀನೊಬ್ಬ ಬಾಕಿ.

ಬಸ್ ನಿಲ್ದಾಣದ ಹಿಂದೆ ಹೊಸ ಮಾರುಕಟ್ಟೆ ಎದ್ದಿದೆ. ಎದುರುಬದುರು ಎರಡು ಸಾಲು ಮಳಿಗೆ, ಎಲ್ಲದರ ಮೇಲೂ ಒಂದೇ ಅಳತೆಯ ಬಿಳಿ ಬೋರ್ಡು. ಅಷ್ಟನ್ನೂ ಕೈಯಲ್ಲೇ ಬರೆಸಬೇಕೆಂದು ಕಟ್ಟಿಸಿದ ಯಜಮಾನನ ಆಸೆ. ಕೆಲಸ ನನಗೆ ಬಂದಿದೆ. ಅಪ್ಪನ ಕಾಲದಿಂದ ಬೋರ್ಡಿಗೆ ಅಕ್ಷರದ ಲೆಕ್ಕವೇ ಎಂದು ನಿನಗೆ ಗೊತ್ತಲ್ಲ. ಈಗ ಅಕ್ಷರಕ್ಕೆ ಎರಡು ಚಹಾದ ದುಡ್ಡು. ಯಜಮಾನ ಮಳಿಗೆಗಳ ಹೆಸರಿನ ಮೇಲೆ ಬೆರಳಿಟ್ಟು ಎಣಿಸಿದ. ‘ಅಕ್ಕಿ ಅಂಗಡಿ’ಗೆ ಐದು ಅಕ್ಷರ ಎಂದ.

“ಆರು ಸಾರ್. ಕೆಳಗೆ ಒಂದು ಒತ್ತಿದೆ.”

“ಒತ್ತಿಗೆಲ್ಲ ಕಾಸು ಕೇಳೋದುಂಟೇನಮ್ಮಾ? ಅದು ಅಕ್ಷರದ ಬಾಲ!”

ಬಾಲವಂತೆ. ಆ ಬಾಲ ಬರೆಯಲು ಏಣಿಯಲ್ಲಿ ಒಂದು ಮೆಟ್ಟಿಲು ಇಳಿಯಬೇಕು, ಮೊಣಕೈಯನ್ನು ಪಕ್ಕೆಗೆ ಅವುಚಿಕೊಳ್ಳಬೇಕು, ಮೇಲಿನ ಹಸಿ ಬಣ್ಣಕ್ಕೆ ಕೂದಲು ತಗಲದಂತೆ ಕತ್ತು ಓರೆ ಮಾಡಬೇಕು. ಇನ್ನೂ ಒಂದು ತಮಾಷೆ ಕೇಳು. ಅರ್ಕಾವತ್ತಿಗೆ ಕಾಸು ಕೊಡುತ್ತಾನೆ. ಅದು ಸಾಲಿನಲ್ಲಿ ಎಲ್ಲರ ಪಕ್ಕ ನಿಲ್ಲುತ್ತದಲ್ಲ, ಅದಕ್ಕೆ. ಕೆಳಗೆ ನಿಂತು ಭಾರ ಹೊತ್ತದ್ದಕ್ಕೆ ಏನೂ ಇಲ್ಲ.

ಕೂಲಿ ಎಷ್ಟೆಂಬುದು ನಾವು ಕೆಲಸಕ್ಕೆ ಬಳಸುವ ಮಾತಿನಲ್ಲೇ ಅಡಗಿದೆ. ಗೋಡೆಗೆ ಬಣ್ಣ ಹೊಡೆಯುವವನಿಗೆ ದಿನಗೂಲಿ. ಮೋಡ ಕವಿದರೆ ಅದೂ ಇಲ್ಲ. ಎತ್ತರದ ಕಟ್ಟಡದಲ್ಲಿ ಹಗ್ಗಕ್ಕೆ ನೇತಾಡಿಕೊಂಡು ಹೊಡೆಯುವವನಿಗೆ ಅದರ ಎರಡರಷ್ಟು, ಹೆಂಡತಿಗೆ ಮಾತ್ರ ನಿದ್ದೆಯಿಲ್ಲ. ಗ್ಯಾರೇಜಿನಲ್ಲಿ ಕಾರಿಗೆ ಸ್ಪ್ರೇ ಹಿಡಿಯುವವನು ಹಗ್ಗದವನಿಗಿಂತ ಒಂದು ಕೈ ಮೇಲು, ಕೆಮ್ಮು ಉಚಿತ. ರಸ್ತೆಗೆ ಗೆರೆ ಎಳೆಯುವವನಿಗೆ ಮೀಟರಿನ ಲೆಕ್ಕ. ನಾನು ಬರೆಯುವವಳು. ನೀನು ಬಿಡಿಸುವವನು. ಚಿತ್ರ ಬಿಡಿಸುವವನಿಗೆ ಎಷ್ಟು?

ಹೋದ ಸಲ ನಿನ್ನ ಚಿತ್ರಪ್ರದರ್ಶನಕ್ಕೆ ಬಂದು “ಇದಕ್ಕೆಷ್ಟೋ?” ಎಂದು ಎಲ್ಲರೆದುರು ಕೇಳಿಬಿಟ್ಟೆ. ಪಕ್ಕದಲ್ಲಿದ್ದ ಕನ್ನಡಕದವರು “ಯಾರಿವರು?” ಎಂದಾಗ ನೀನು ನನ್ನ ಬಣ್ಣದ ಉಗುರು ನೋಡಿ “ಯಾರೋ ನಮ್ಮೂರಿನವರು” ಎಂದೆ. ಈಗ ಕಾಗದದಲ್ಲಿ ಕೇಳುತ್ತಿದ್ದೇನೆ, ಪಕ್ಕದಲ್ಲಿ ಯಾರೂ ಇಲ್ಲ. ಧೈರ್ಯವಾಗಿ ಹೇಳು.

ಉಗುರು ಇನ್ನೂ ತೊಳೆಯದ,
ಅಕ್ಕ


ಮಾರ್ಚ್ 19

ಅಕ್ಕಾ,

ಲಕೋಟೆಯ ಮೇಲಿನ ನೀಲಿ ಹೆಬ್ಬೆಟ್ಟು ನೋಡಿಯೇ ನಿನ್ನದೆಂದು ಗೊತ್ತಾಯಿತು. ಒಡೆಯಲು ಎರಡು ದಿನ ಬೇಕಾಯಿತು. ಬೈಗುಳ ಇರುತ್ತದೆ ಎಂದುಕೊಂಡಿದ್ದೆ, ಇತ್ತು.

ಕಲೆಗೆ ದರಪಟ್ಟಿ ಇರುವುದಿಲ್ಲ. ನೀನು ಅಕ್ಷರ ಎಣಿಸುವ ಹಾಗೆ ನಾನು ಮರದ ಎಲೆ ಎಣಿಸಿ ಬಿಲ್ಲು ಮಾಡಲಾಗುವುದಿಲ್ಲ. ಆದರೂ ಕೇಳಿದ್ದೀಯ, ಹೇಳುತ್ತೇನೆ. ಹೋದ ವರ್ಷ ಎರಡು ಚಿತ್ರ ಮಾರಾಟವಾದವು. ದೊಡ್ಡದರ ಬೆಲೆ ಹೇಳಿದರೆ ನೀನು ಏಣಿಯಿಂದ ಬೀಳುತ್ತೀಯ. ಅದರಲ್ಲಿ ಅರ್ಧ ಗ್ಯಾಲರಿಯವರದು. ಚೌಕಟ್ಟು ಹಾಕಿದವನು, ಸಾಗಿಸಿದವನು, ಬಣ್ಣದ ಅಂಗಡಿಯವನು ತಮ್ಮ ತಮ್ಮ ಪಾಲು ಎತ್ತಿಕೊಂಡ ಮೇಲೆ ನನಗೆ ಮೂರು ತಿಂಗಳ ಬಾಡಿಗೆ ಉಳಿಯಿತು. ಆಮೇಲೆ ಗೋಡೆಗೆ ಒರಗಿಸಿಟ್ಟ ಚಿತ್ರಗಳು ಹಾಗೆಯೇ ಇವೆ. ಭಾನುವಾರ ಶ್ರೀಮಂತರ ಮಕ್ಕಳಿಗೆ ಸೇಬು ಬಿಡಿಸಲು ಕಲಿಸುತ್ತೇನೆ. ಅದಕ್ಕೆ ಕೊಡುವುದನ್ನು ಗೌರವಧನ ಎನ್ನುತ್ತಾರೆ. ಲಕೋಟೆಯಲ್ಲಿಟ್ಟು ಕೊಡುತ್ತಾರೆ, ಅವರೆದುರು ತೆರೆದು ನೋಡುವ ಹಾಗಿಲ್ಲ. ಗೌರವ ಬೇಕಾದಷ್ಟಿರುತ್ತದೆ, ಧನವೇ ಕಡಿಮೆ.

ಒತ್ತಿನ ವಿಷಯಕ್ಕೆ ಜಗಳ ತೆಗೆಯಬೇಡ. ಅಪ್ಪ ಬದುಕಿಡೀ ಬೋರ್ಡು ಬರೆದ, ಒಂದು ದಿನವೂ ಅದನ್ನು ಕೇಳಲಿಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚು. ಜನ ನಗುತ್ತಾರೆ.

ಆ ದಿನದ ಮಾತು ಗಡಿಬಿಡಿಯಲ್ಲಿ ಬಾಯಿಗೆ ಬಂದದ್ದು. ಅದನ್ನು ಎಷ್ಟು ದಿನ ಹಿಡಿದುಕೊಂಡಿರುತ್ತೀಯ?

ನಿನ್ನ,
ತಮ್ಮ


ಏಪ್ರಿಲ್ 8

ತಮ್ಮಾ,

ಹಾಸಿಗೆ ಇದ್ದಷ್ಟು ಕಾಲು ಚಾಚಬೇಕಂತೆ! ಹಾಸಿಗೆ ಹೊಲಿದವನು ಆ ಯಜಮಾನ, ಕಾಲು ನನ್ನದು. ನಾನು ಯಾಕೆ ಮಡಚಲಿ? ಅಪ್ಪ ಕೇಳಲಿಲ್ಲ, ನಿಜ. ಅಪ್ಪ ಕೇಳದೆ ಬಿಟ್ಟದ್ದಕ್ಕೇ ನಿನ್ನ ಕಾಲೇಜಿನ ಫೀಜಿಗೆ ಅಮ್ಮನ ಹೊಲಿಗೆ ಯಂತ್ರ ಹೋಯಿತು. ಆ ಯಂತ್ರ ಹೊತ್ತುಕೊಂಡು ಹೋಗುವಾಗ ನೀನು ಮನೆಯಲ್ಲಿರಲಿಲ್ಲ, ನಾನಿದ್ದೆ.

ನಿನ್ನ ಬುದ್ಧಿಮಾತು ಓದಿದ ಮಾರನೆಯ ದಿನವೇ ಯಜಮಾನನ ಕಚೇರಿಗೆ ಹೋದೆ.

“ಸಾರ್, ಒತ್ತಿಗೆ ಕೊಡ್ತೀರೋ ಇಲ್ವೋ?”

“ಇಲ್ಲ ಕಣಮ್ಮಾ. ಎಷ್ಟು ಸಲ ಹೇಳ್ಬೇಕು?”

“ಹಾಗಾದ್ರೆ ಬರೆದು ಕೊಡಿ.”

“ಏನಂತ?”

“ಒತ್ತಕ್ಷರಕ್ಕೆ ಹಣ ಇಲ್ಲ ಅಂತ.”

ಪೀಡೆ ತೊಲಗಿತೆಂದು ಖುಷಿಯಿಂದ ಬರೆದುಕೊಟ್ಟ. ಮೊಹರು ಬೇರೆ ಹಾಕಿದ. ಅದನ್ನು ಮಾತ್ರ ಚೆನ್ನಾಗಿ ಒತ್ತಿದ.

ನಾನು ಕೆಲಸ ಶುರು ಮಾಡಿದೆ. ಅವನು ಕಾಸು ಕೊಡುವುದನ್ನೆಲ್ಲ ಬರೆದೆ, ಕೊಡದ್ದನ್ನು ಬರೆಯಲಿಲ್ಲ. ಬಣ್ಣ ಒಣಗುವವರೆಗೆ ಧೂಳು ಕೂರಬಾರದೆಂದು ಬೋರ್ಡಿಗೆ ಹಳೆ ಪೇಪರು ಹೊದಿಸುತ್ತೇವಲ್ಲ, ಹಾಗಾಗಿ ಯಾರಿಗೂ ಸುಳಿವು ಹತ್ತಲಿಲ್ಲ. ಮೊನ್ನೆ ಬೆಳಗ್ಗೆ ಮಳಿಗೆಯವರೆಲ್ಲ ನೆರೆದಿದ್ದಾಗ ಒಂದೊಂದೇ ಪೇಪರು ಕಿತ್ತೆ. ‘ಅಕಿ ಅಂಗಡಿ’. ‘ಹಣು ತರಕಾರಿ’. ‘ಚಪಲಿ ಮಳಿಗೆ’. ಹಲ್ಲಿನ ಡಾಕ್ಟರು ‘ಹಲಿನ ವೈದರು’ ಆಗಿದ್ದರು. ನ್ಯಾಯ ಬೆಲೆ ಬಟ್ಟೆ ಅಂಗಡಿ ‘ನಾಯ ಬೆಲೆ ಬಟೆ ಅಂಗಡಿ’ ಆಗಿ ನಿಂತಿತು. ಅದರ ಯಜಮಾನಿ ನನ್ನನ್ನು ನೋಡಿದಳು, ಬೋರ್ಡು ನೋಡಿದಳು, ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಓಡಿದಳು. ಸಿಟ್ಟೋ ನಗುವೋ ತಿಳಿಯಲಿಲ್ಲ. ಕಡೆಗೆ ಮುಖ್ಯ ಕಚೇರಿಯ ಪೇಪರು ಕಿತ್ತೆ. ‘ಮುಖ ಕಚೇರಿ’! ಚಹಾದವನು ಅಲ್ಲಿಂದಲೇ ಕೂಗಿದ, “ಸಾರ್, ಮುಖ ತೊಳ್ಕೊಂಡು ಒಳಗೆ ಬರ್ಬೇಕಾ?”

ಯಜಮಾನ ಕುದಿಯುತ್ತಿದ್ದ. “ಏನಿದು ಅವಾಂತರ?”

“ನೀವು ಕಾಸು ಕೊಟ್ಟಷ್ಟೂ ಬರ್ದಿದೀನಿ ಸಾರ್. ಒಂದಕ್ಷರ ಕಮ್ಮಿ ಇದ್ರೆ ಎಣಿಸಿ ಹೇಳಿ. ಒತ್ತಿಗೆ ಜಾಗ ಬಿಟ್ಟಿದೀನಿ. ಅಕ್ಷರಕ್ಕೆ ಎಷ್ಟೋ ಒತ್ತಿಗೂ ಅಷ್ಟೇ ಅಂತ ಬರೆದುಕೊಡಿ, ಇವತ್ತೇ ಏಣಿ ಹತ್ತುತ್ತೀನಿ.”

ಬರೆದ ಅಕ್ಷರಗಳ ದುಡ್ಡನ್ನೂ ಕೊಡದೆ ಕಳಿಸಿದ. ಜನ ನಗುತ್ತಾರೆ ಎಂದಿದ್ದೆಯಲ್ಲ, ಹೊಟ್ಟೆ ಹಿಡಿದುಕೊಂಡು ನಕ್ಕರು. ನನ್ನನ್ನು ನೋಡಿ ಅಲ್ಲ.

ಸೊಂಟ ನೋವಿದ್ದರೂ ನೆಟ್ಟಗೆ ನಿಂತಿರುವ,
ಅಕ್ಕ


ಏಪ್ರಿಲ್ 21

ಅಕ್ಕಾ,

ನಿನ್ನ ‘ಹಲಿನ ವೈದರು’ ಪತ್ರಿಕೆಯಲ್ಲಿ ಬಂದಿದೆ. ಗ್ಯಾಲರಿಯಲ್ಲಿ ಆ ಫೋಟೋ ಕೈಯಿಂದ ಕೈಗೆ ಹೋಯಿತು. ಕನ್ನಡಕದವರು ಅದನ್ನು ಬಹಳ ಹೊತ್ತು ನೋಡಿ, “ಇದು ದೊಡ್ಡ ಪ್ರಯೋಗ. ಇಲ್ಲದ್ದನ್ನೇ ಕಾಣಿಸಿದ್ದಾರೆ. ಯಾರು ಈ ಕಲಾವಿದೆ, ನಿಮ್ಮ ಕಡೆಯವರಾ?” ಎಂದು ನನ್ನನ್ನೇ ಕೇಳಿದರು.

ನಾನು ಚಹಾ ಕುಡಿದೆ.

ರೂಮಿಗೆ ಬಂದು ಒಬ್ಬನೇ ನಕ್ಕೆ, ಅದು ನಿಜ. ಆದರೆ ನಗು ಮುಗಿದ ಮೇಲೆ ಏನು? ನಿನ್ನ ಹಟದಿಂದ ಬಂದದ್ದೂ ಹೋಯಿತು. ಅವನ ಕೈ ಉದ್ದವಿದೆ. ಈ ಸಲಕ್ಕೆ ಒತ್ತು ಹಾಕಿಕೊಟ್ಟು ದುಡ್ಡು ತೆಗೆದುಕೊಂಡು ಮನೆಗೆ ಹೋಗು.

ತಮ್ಮ


ಮೇ 6

ತಮ್ಮಾ,

ಚಹಾ ಕುಡಿದೆಯಾ? ಸಕ್ಕರೆ ಸರಿಯಾಗಿತ್ತೇ?

ನನ್ನ ಬೋರ್ಡು ನಿನ್ನವರ ಕಣ್ಣಿಗೆ ಪ್ರಯೋಗವಾದರೆ ಕಲೆಯಾಗುತ್ತದೆ, ನಾನು ಕೂಲಿ ಕೇಳಿದರೆ ಹಟವಾಗುತ್ತದೆ. ನಿನ್ನ ಕನ್ನಡಕದವರಿಗೆ ಹೇಳು, ಅವರು ಅದನ್ನು ಕೊಳ್ಳುವುದಾದರೆ ಅದಕ್ಕೂ ಅಕ್ಷರದ ಲೆಕ್ಕವೇ.

ಇಲ್ಲಿಯ ಸಮಾಚಾರ ಇಷ್ಟು. ಮಳಿಗೆಯವರು ಒಬ್ಬೊಬ್ಬರಾಗಿ ಮನೆಗೆ ಬರುತ್ತಿದ್ದಾರೆ. ಚಪ್ಪಲಿ ಮಳಿಗೆಯವನು ಮೊದಲು ಬಂದ. “ನಂದೊಂದಕ್ಕೆ ಹಾಕ್ಬಿಡು ತಾಯಿ. ಕಾಸು ನಾನೇ ಕೊಡ್ತೀನಿ, ಯಾರಿಗೂ ಹೇಳಲ್ಲ.”

“ಬೋರ್ಡು ಊರಿಗೆಲ್ಲ ಕಾಣತ್ತಲ್ಲಣ್ಣಾ, ಯಾರಿಗೂ ಹೇಳದೆ ಹೇಗೆ ಹಾಕ್ಲಿ?”

ಮಳಿಗೆಯವರ ಹತ್ತಿರ ಇಸಿದುಕೊಂಡರೆ ಒತ್ತಿಗೆ ಕಾಸಿಲ್ಲ ಎಂಬ ಯಜಮಾನನ ಮಾತು ಹಾಗೆಯೇ ಉಳಿಯುತ್ತದೆ. ನಾಳೆ ಇನ್ನೊಂದು ಮಾರುಕಟ್ಟೆ ಏಳುತ್ತದೆ, ಇನ್ನೊಬ್ಬ ಬೆರಳಿಟ್ಟು ಎಣಿಸುತ್ತಾನೆ. ಹಾಗಾಗಿ ನೀವು ಕೊಡಬೇಡಿ, ಯಜಮಾನರು ಬಾಡಿಗೆ ಕೇಳಲು ಬಂದಾಗ ಅವರನ್ನೇ ಕೇಳಿ ಎಂದು ಕಳಿಸಿದೆ. ಮುಖ ಗಂಟಿಕ್ಕಿಕೊಂಡು ಹೋದ.

ಯಜಮಾನ ಊರಿನ ಬೇರೆ ಬೋರ್ಡಿನವರನ್ನೆಲ್ಲ ಕರೆಸಿದ. ನಂಬರ್ ಪ್ಲೇಟು ಬರೆಯುವ ಮಾವ ಬಂದು, ಬೋರ್ಡಿನ ಕೆಳಗೆ ನಿಂತು ಬೀಡಿ ಸೇದಿ, “ಇನ್ನೊಬ್ಬರ ಅಕ್ಷರದ ಕೆಳಗೆ ಕೈ ಹಾಕೋ ಅಭ್ಯಾಸ ನಂಗಿಲ್ಲ” ಎಂದು ಹೊರಟುಹೋದ. ಅವನಿಗೂ ನನಗೂ ಮೂರು ವರ್ಷದಿಂದ ಜಗಳ, ಗೊತ್ತಾ? ಆದರೂ ಹಾಗೆಂದ.

ನನಗೀಗ ಬೋರ್ಡಿನ ಕೆಲಸ ಯಾರೂ ಕೊಡುತ್ತಿಲ್ಲ. ಹಗ್ಗದವನ ಗುಂಪಿನಲ್ಲಿ ಗೋಡೆ ಉಜ್ಜುತ್ತಿದ್ದೇನೆ. ಸಂಜೆ ಉಗುಳಿದರೆ ಬಿಳಿ. ಹೆಂಗಸೆಂದು ಅಲ್ಲಿ ಅರ್ಧ ಕೂಲಿ; ಆ ಜಗಳ ಆಮೇಲೆ, ಒಂದೊಂದಾಗಿ. ಹೆದರಿಕೆ ಇಲ್ಲವೆಂದಲ್ಲ, ಇದೆ. ಯಜಮಾನ ಗೆದ್ದರೆ ಈ ಊರಿನಲ್ಲಿ ಇನ್ನು ಯಾರೂ ನನ್ನನ್ನು ಏಣಿ ಹತ್ತಿಸುವುದಿಲ್ಲ. ಗೋಡೆ ಉಜ್ಜುತ್ತಲೇ ಮುದುಕಿಯಾಗುತ್ತೇನೆ. ಪೇಟೆಯಿಂದ ದೊಡ್ಡ ಕಲಾವಿದನನ್ನು ಕರೆಸಿ ಒತ್ತು ಹಾಕಿಸುತ್ತೇನೆ ಎಂದು ಹೇಳಿಕೊಂಡು ತಿರುಗುತ್ತಿದ್ದಾನಂತೆ. ಕರೆಸಲಿ. ಯಾವ ಮಾನಗೆಟ್ಟವನು ಬರುತ್ತಾನೋ ನಾನೂ ನೋಡುತ್ತೇನೆ.

ಅಕ್ಕ


ಮೇ 18

ಅಕ್ಕಾ,

ಆ ಮಾನಗೆಟ್ಟವನು ನಾನೇ.

ನಿನ್ನ ಕಾಗದ ಬರುವ ಹಿಂದಿನ ದಿನವೇ ಯಜಮಾನರ ಪತ್ರ ಬಂತು. ‘ತಮ್ಮಂಥ ಕಲಾವಿದರು’ ಎಂದು ಶುರುವಾಗಿತ್ತು. ಯಾರೋ ನನ್ನ ಹೆಸರು ಹೇಳಿದರಂತೆ, ನಿನ್ನ ತಮ್ಮನೆಂದು ಅವರಿಗೆ ಗೊತ್ತಿಲ್ಲ. ಒತ್ತುಗಳನ್ನು ತುಂಬಿಕೊಟ್ಟರೆ ಕೊಡುವ ಗೌರವಧನ, ನೀನು ಕೇಳುತ್ತಿರುವುದಕ್ಕೆ ಮೂರರಷ್ಟು. ಬಂದುಹೋಗುವ ಖರ್ಚು ಬೇರೆ. ಮುಂಗಡವನ್ನೂ ಜೊತೆಗೇ ಕಳಿಸಿದ್ದರು.

ಮುಂಗಡದಲ್ಲಿ ಸ್ವಲ್ಪ ಬಾಡಿಗೆಗೆ ಹೋಗಿದೆ. ಮನೆ ಮಾಲೀಕರು ನನ್ನ ಚಿತ್ರಗಳನ್ನು ಮೆಟ್ಟಿಲ ಮೇಲೆ ತಂದಿಟ್ಟಿದ್ದರು ಅಕ್ಕಾ. ಇನ್ನೇನು ಮಾಡಲಿ?

ಯೋಚಿಸಿ ನೋಡು. ನಾನಲ್ಲದಿದ್ದರೆ ಇನ್ನೊಬ್ಬ ಬರುತ್ತಾನೆ. ನಾನು ಬಂದರೆ ಹಣ ಮನೆಯಲ್ಲೇ ಉಳಿಯುತ್ತದೆ. ನಿನಗೆ ಅರ್ಧ ಕೊಡುತ್ತೇನೆ. ಅರ್ಧ ಎಂದರೂ ನೀನು ಕೇಳಿದ್ದಕ್ಕಿಂತ ಹೆಚ್ಚು. ಮುಂದಿನ ತಿಂಗಳು ಬರಬೇಕೆಂದಿದ್ದೇನೆ. ನಿನ್ನ ಮನೆಯಲ್ಲಿ ಇಳಿದುಕೊಳ್ಳಲೋ ಬೇಡವೋ, ಬರೆ.

ತಮ್ಮ


ಮೇ 24

ತಮ್ಮಾ,

ಅವನ ಹತ್ತಿರ ದುಡ್ಡಿತ್ತು. ಮೂರರಷ್ಟಿತ್ತು. ನನಗೆ ಕೊಡಲು ಇರಲಿಲ್ಲ, ಅಷ್ಟೆ. ಇಷ್ಟು ದಿನ ನನಗೆ ಇದರ ಬಗ್ಗೆ ಅನುಮಾನವಿತ್ತು, ನಿನ್ನ ಕಾಗದ ಅದನ್ನು ಕಳೆಯಿತು. ಉಪಕಾರವಾಯಿತು.

ಬಾ. ನಾನು ತಡೆಯುವುದಿಲ್ಲ. ಜಾಗ ಬಿಟ್ಟಿದ್ದೇನೆ, ಬಣ್ಣ ಯಾವುದೆಂದು ನಿನಗೇ ತಿಳಿಯುತ್ತದೆ. ಏಣಿ ಮಾತ್ರ ನಾನು ಹಿಡಿಯುವುದಿಲ್ಲ. ನಿನ್ನ ಅರ್ಧವೂ ಬೇಡ; ನನ್ನ ಕೂಲಿ ನನಗೆ ಕೂಲಿಯಾಗಿ ಬರಬೇಕು, ತಮ್ಮನ ದಾನವಾಗಿ ಅಲ್ಲ. ಮೇಲೆ ಹತ್ತಿದಾಗ ಕೆಳಗಿನಿಂದ ಯಾರಾದರೂ “ಈ ಅಕ್ಷರ ಬರ್ದಿದ್ದು ಯಾರು?” ಎಂದು ಕೇಳಿಯೇ ಕೇಳುತ್ತಾರೆ. ಏನು ಹೇಳುತ್ತೀಯೋ ಈಗಲೇ ಯೋಚಿಸಿಟ್ಟುಕೊ. ಏಣಿಯ ಮೇಲೆ ಚಹಾ ಸಿಗುವುದಿಲ್ಲ.

ಇಳಿದುಕೊಳ್ಳಲು ಬಸ್ ನಿಲ್ದಾಣದ ಎದುರು ಲಾಡ್ಜಿದೆ.

ಅಕ್ಕ


ಜೂನ್ 16

ಅಕ್ಕಾ,

ಯಜಮಾನರಿಗೆ ಕಳಿಸಿದ ಪತ್ರದ ನಕಲು ಇದರ ಜೊತೆ ಇದೆ. ತಡವಾಯಿತು, ಮುಂಗಡದಲ್ಲಿ ಖರ್ಚಾದದ್ದನ್ನು ತುಂಬಬೇಕಿತ್ತು. ಒಂದು ಆಸ್ಪತ್ರೆಯ ಕಾರು ನಿಲ್ಲಿಸುವ ಜಾಗದಲ್ಲಿ ಗೆರೆ ಎಳೆದೆ. ನಿನ್ನ ಲೆಕ್ಕಕ್ಕೆ ಇದನ್ನೂ ಸೇರಿಸಿಕೊ: ಮೀಟರಿಗೆ ಒಂದೂವರೆ ಚಹಾ, ಸಂಜೆಗೆ ಕೈಗೆ ದುಡ್ಡು, ಲಕೋಟೆ ಇಲ್ಲ. ಎಲ್ಲರೆದುರೇ ಎಣಿಸಿಕೊಂಡೆ. ಕನ್ನಡಕದವರು ಅಲ್ಲಿಗೇ ಕಾರು ತಂದರು. ಗೆರೆ ಒಣಗಿಲ್ಲ, ಹಿಂದೆ ತೆಗೆಯಿರಿ ಎಂದೆ.

ತಮ್ಮ

(ನಕಲು)

ಮಾನರೇ,

ನಿಮ ಪತ ತಲುಪಿತು. ನೀವು ಕಳಿಸಿದ ಮುಂಗಡ ಹಣ ಇದರ ಜೊತೆಗೇ ವಾಪಸು ಬರುತಿದೆ, ಎಣಿಸಿ ತೆಗೆದುಕೊಳಿ. ನಿಮ ಮಳಿಗೆಗಳ ಫಲಕಕೆ ನಾನು ಕೈ ಹಾಕುವುದಿಲ.

ಒತಿಗೆ ಕಾಸಿಲ ಎಂದು ನೀವೇ ಬರೆದು ಮೊಹರು ಹಾಕಿದೀರಿ. ಅದಕೇ ಈ ಪತದಲೂ ಹಾಕಿಲ. ಓದಲು ಕಷವಾದರೆ ಎರಡು ಸಲ ಓದಿ. ನನಗೆ ಕೊಡಲು ಒಪಿದ ಹಣದಲಿ ಮೂರನೇ ಒಂದು ಪಾಲು ಕೊಟಿದರೆ ನಿಮ ಕೆಲಸ ಏಪಿಲಿನಲೇ ಮುಗಿಯುತಿತು.

ಆ ಫಲಕ ಬರೆದವರು ಯಾರೋ ನಮೂರಿನವರಲ. ಅವರು ನನ ಅಕ್ಕ.

ಇಂತು,
ಚಿತಕಾರ


ಜುಲೈ 2

ತಮ್ಮಾ,

ಮೊನ್ನೆ ಬೆಳಗ್ಗೆ ಯಜಮಾನನೇ ಮನೆ ಬಾಗಿಲಿಗೆ ಬಂದ. ಎರಡು ತಿಂಗಳಿನಿಂದ ಮಳಿಗೆಯವರು ಬಾಡಿಗೆ ಕೊಟ್ಟಿಲ್ಲವಂತೆ. ಕೇಳಲು ಹೋದರೆ ಚಪ್ಪಲಿಯವನು “ಬೋರ್ಡಲ್ಲಿ ಹೆಸರು ಪೂರ್ತಿ ಆಗ್ಲಿ, ಆಮೇಲೆ ಬಾಡಿಗೆ” ಎಂದನಂತೆ. ಬಟ್ಟೆ ಅಂಗಡಿಯವಳು ಇನ್ನೂ ಏನೋ ಅಂದಳಂತೆ, ಅದನ್ನು ಅವನು ನನಗೆ ಹೇಳಲಿಲ್ಲ. ಕೈಯಲ್ಲಿ ನಿನ್ನ ಪತ್ರವಿತ್ತು.

“ನಿನ್ನ ತಮ್ಮ ಏನೋ ಕವಿತೆ ಕಳಿಸಿದಾನೆ. ಹಣದಲಿ, ಪತದಲೂ ಅಂತೆಲ್ಲ ಇದೆ. ಸ್ವಲ್ಪ ಓದಿ ಹೇಳಮ್ಮಾ.”

ಹೊರಗೆ ಮೆಟ್ಟಿಲ ಮೇಲೆ ನಿಂತು, ಇದ್ದ ಹಾಗೆಯೇ, ಗಟ್ಟಿಯಾಗಿ ಓದಿದೆ. ಬೀದಿಯವರು ಬಂದು ನಿಂತರು. ಅವನು ಮೊದಲು ಕೆಂಪಾದ. ‘ಮೂರನೇ ಒಂದು ಪಾಲು’ ಬಂದಾಗ ಬೀದಿಯವರ ಕಡೆ ನೋಡುವುದನ್ನು ಬಿಟ್ಟು ಚಪ್ಪಲಿ ನೋಡಿಕೊಂಡ. ಓದಿ ಮುಗಿಸಿ ಕಾಗದ, ಪೆನ್ನು ಮುಂದೆ ಹಿಡಿದೆ. “ಆಯ್ತಮ್ಮಾ, ಹಾಕು ಮಾರಾಯ್ತಿ” ಎಂದ. ಹಾಗಲ್ಲ, ಬರೆಯಿರಿ ಎಂದೆ. ಅಕ್ಷರಕ್ಕೆ ಎಷ್ಟೋ ಒತ್ತಿಗೂ ಅಷ್ಟೇ ಎಂದು ಬರೆದ. ತಡೆಹಿಡಿದದ್ದನ್ನೂ ಅಲ್ಲೇ ಎಣಿಸಿಕೊಟ್ಟ. ಮೊಹರು ತಂದಿರಲಿಲ್ಲ, ಹೆಬ್ಬೆಟ್ಟು ಒತ್ತಿಸಿಕೊಂಡೆ. ನೀಲಿ ಬಣ್ಣ ನನ್ನ ಹತ್ತಿರವೇ ಇತ್ತಲ್ಲ.

ಸಂಜೆಗೆ ನಂಬರ್ ಪ್ಲೇಟಿನ ಮಾವ ಬಂದ. ಇನ್ನು ಮೇಲೆ ಅವನೂ ಒತ್ತು ಎಣಿಸುತ್ತಾನಂತೆ. ನಂಬರ್ ಪ್ಲೇಟಿನಲ್ಲಿ ಒತ್ತು ಎಲ್ಲಿರುತ್ತದೆ ಎಂದು ಕೇಳಿದ್ದಕ್ಕೆ, “ಇಲ್ದಿದ್ರೇನು, ಎಣಿಸ್ತೀನಿ” ಎಂದ. ಮೂರು ವರ್ಷದ ಜಗಳ ಅಲ್ಲಿಗೆ ಮುಗಿಯಿತು.

ಕೆಲಸ ಬಹಳ ಇದೆ. ಬರುವುದಾದರೆ ಬಾ, ಇನ್ನೊಂದು ಏಣಿ ತರಿಸಿದ್ದೇನೆ. ನನಗೆಷ್ಟೋ ನಿನಗೂ ಅಷ್ಟೇ. ಲಾಡ್ಜಿಗೆ ದುಡ್ಡು ಸುರಿಯಬೇಡ.

ಒಂದು ಮಾತು ಬಿಟ್ಟೆ. ಯಜಮಾನ ಹೊರಟವನು ಗೇಟಿನವರೆಗೆ ಹೋಗಿ ವಾಪಸು ಬಂದ. ನಿನ್ನ ಪತ್ರದ ಕೊನೆಯ ಸಾಲಿನ ಮೇಲೆ ಬೆರಳಿಟ್ಟು ತೋರಿಸಿದ.

“ಅಲ್ಲಮ್ಮಾ, ಇಡೀ ಕಾಗದದಲ್ಲಿ ಇಲ್ಲೊಂದು ಕಡೆ ಒತ್ತು ಹಾಕಿದಾನಲ್ಲ. ಮರೆತು ಹಾಕಿದ್ನಾ?”

“ಮರೆತು ಹಾಕಿದ್ದಲ್ಲ ಸಾರ್” ಎಂದೆ. “ಮರೆತಿದ್ದನ್ನ ಹಾಕಿದ್ದು.”

ನಿನ್ನ,
ಅಕ್ಕ